ಪಾಲಾಕ್ಷ ಸೀಲು ಕಿತ್ತ ಕಾರ್ಡು

ಅಲ್ಲ, ಅದನ್ನೇ ನೋಡ್ರಿ ಮತ್ತೆ, ಅಂಗಡಿಯೋರು "ಕೀಬೋರ್ಡು ಫ್ರೀ" ಅಂದ ಕೂಡ್ಲೇ ಬೇರೆಯೋರಾಗಿದ್ರೆ ಹಲ್ಲು ಬಿಡ್ತಿದ್ರು. ಪಾಲಾಕ್ಷ ಮಾತ್ರ ಕುರ್ಚಿ ಒಂದು ಗೇಣು ಹಿಂದಕ್ಕೆ ಎಳ್ಕಂಡ.

"ಯಾಕ್ ಫ್ರೀ?" ಅಂದ.

ಚಳ್ಳಕೆರೆನಾಗೆ ಕಂಪ್ಯೂಟ್ರು ಅಂಗಡಿ ಇಟ್ಟಿರೋ ಗೋವರ್ಧನಂಗೆ ಹುಟ್ಟಿದಾಗಿಂದ ಈ ಪ್ರಶ್ನೆ ಯಾರೂ ಕೇಳಿರ್ಲಿಲ್ಲ. "ಯಾಕೆ ಅಂದ್ರೆ... ಫ್ರೀ ಅಷ್ಟೇ ಕಣಪ್ಪ. ಸಂತೋಷಕ್ಕೆ."

"ಯಾರ್ ಸಂತೋಷಕ್ಕೆ?"

ಹಿಂಗೆ ಹದಿನಾಲ್ಕು ತಿಂಗಳು ನಡೀತು. ಹದಿನಾಲ್ಕು! ಒಂದು ಕಂಪ್ಯೂಟ್ರು ಜೋಡ್ಸೋಕೆ ಸಾಮಾನು ಆರಿಸೋದಕ್ಕೆ. ಅಷ್ಟರಾಗೆ ಊರಾಗೆ ಎರಡು ಮದುವೆ ಆಗಿ, ಒಂದರಾಗೆ ಕೂಸೂ ಆಗಿತ್ತು.

ಪಾಲಾಕ್ಷನ ತಪ್ಪಲ್ಲ ಬಿಡ್ರಿ, ಅವನ ಕೆಲಸವೇ ಅಂಥದ್ದು. ತಳಕಿನಿಂದ ಆಚೆ ಒಂದು ಹಟ್ಟಿ ಅವನದು, ದಿನಾ ಬೆಳಿಗ್ಗೆ ಬಸ್ಸಿಗೆ ಬಂದು ಚಳ್ಳಕೆರೆ ಎಣ್ಣೆ ಮಿಲ್ಲಿನಾಗೆ ಶೇಂಗಾ ಸ್ಯಾಂಪಲ್ ತೆಗೀತಾನೆ. ಲಾರಿ ಬಂದು ನಿಂತ್ರೆ ಇವ್ನು ಮೇಲೆ ಹತ್ತಿ, ಚೂಪು ತುದಿ ಇರೋ ಕಬ್ಬಿಣದ ಕೊಳವೆ ಚೀಲಕ್ಕೆ ಚುಚ್ಚಿ, ನಡುವಿನ ಕಾಯಿ, ತಳದ ಕಾಯಿ ಎಳೀತಾನೆ. ಯಾಕಂದ್ರೆ ಚೀಲದ ಬಾಯಾಗೆ ಗುಂಡುಗುಂಡು ಕಾಯಿ ಇಟ್ಟು, ತಳಕ್ಕೆ ಜೊಳ್ಳು, ಮಣ್ಣು ತುಂಬೋರು ಇದ್ದೇ ಇರ್ತಾರೆ. ಎಳೆದ ಕಾಯಿ ಸುಲಿದು, ಬೀಜ ತೂಗಿ, "ಇದು ನೂರಕ್ಕೆ ಅರವತ್ತೆಂಟು" ಅಂತ ಹೇಳಿದ್ರೆ ಮುಗೀತು, ಸಾವ್ಕಾರ್ರು ಕಣ್ಣು ಮುಚ್ಚಿ ರೇಟು ಹಾಕ್ತಾರೆ. ಎಂಟು ವರ್ಷದಿಂದ ಇದೇ ಕೆಲಸ. ಎಂಟು ವರ್ಷ ದಿನಾ ಬೆಳಿಗ್ಗೆಯಿಂದ ಸಾಯಂಕಾಲದ ತನ್ಕ ಮಂದಿ ಮೋಸ ಹುಡುಕೋದೇ ಸಂಬಳದ ಕೆಲಸ ಆದ್ರೆ, ಮನುಷ್ಯ ಹೆಂಗಾಗ್ತಾನೆ ನೀವೇ ಹೇಳ್ರಿ. ಮದುವೆ ಊಟಕ್ಕೆ ಹೋದ್ರೂ ಅನ್ನದ ರಾಶಿ ಮೇಲಿಂದು ಬಿಟ್ಟು ತಳಕ್ಕೆ ಸೌಟು ಹಾಕ್ರಿ ಅಂತಾನೆ.

ಅಂಥೋನಿಗೆ ಗೇಮ್ ಆಡೋ ಕಂಪ್ಯೂಟ್ರು ಯಾಕೆ ಬೇಕಾಗಿತ್ತು? ಇದನ್ನ ಅವ್ನು ಯಾರಿಗೂ ಬಾಯಿ ಬಿಟ್ಟು ಹೇಳಿರ್ಲಿಲ್ಲ. ಅವರವ್ವ ಬೋರಕ್ಕಂಗೆ ಮಾತ್ರ ಗೊತ್ತಿತ್ತು, ಅವಳೂ ಆಡಿರ್ಲಿಲ್ಲ. ಸಣ್ಣೋನಿದ್ದಾಗ ಜಾಲಿ ಮುಳ್ಳು ಬಡಿದು ಪಾಲಾಕ್ಷನ ಎಡಗಣ್ಣು ಮಂಜಾಗೈತೆ. ಲಾರಿ ಓಡ್ಸಬೇಕು ಅಂತ ಅವನ ಜೀವ. ಲೈಸೆನ್ಸಿಗೆ ಹೋದಾಗ ಕಣ್ಣಿನ ಪರೀಕ್ಷೆನಾಗೆ "ಆಗಲ್ಲಪ್ಪ" ಅಂದು ಕಳ್ಸಿದ್ರು. ದಿನಾ ಮೂವತ್ತು ಲಾರಿ ಹತ್ತಿ ಇಳೀತಾನೆ, ಒಂದರ ಸ್ಟೇರಿಂಗೂ ಮುಟ್ಟಂಗಿಲ್ಲ. ಆಮೇಲೆ ಒಂದಿನ ಫೋನಿನಾಗೆ ಒಂದು ವಿಡಿಯೋ ನೋಡಿದ: ಯಾವನೋ ಮನೇಲಿ ಕೂತು ಕಂಪ್ಯೂಟ್ರಾಗೆ ಹದಿನೆಂಟು ಗಾಲಿ ಲಾರಿ ಓಡಿಸ್ತಾವ್ನೆ, ಕನ್ನಡಿನಾಗೆ ಹಿಂದಿನ ರಸ್ತೆ ಕಾಣ್ತೈತೆ, ಗಾಜಿನ ಮೇಲೆ ಮಳೆ ಬೀಳ್ತೈತೆ. ಅವತ್ತೇ ಪಾಲಾಕ್ಷ ಹಳೇ ಕ್ಯಾಲೆಂಡರ್ ಹಿಂದೆ "ಕಂಪ್ಯೂಟ್ರು" ಅಂತ ಬರೆದು ಕೆಳಗೆ ಗೀಟು ಎಳೆದ. ಐವತ್ತು ಸಾವ್ರ. ಒಂದು ರೂಪಾಯಿ ಮೇಲಿಲ್ಲ.

ಆಮೇಲೆ ಶುರು ಆಯ್ತು ನೋಡ್ರಿ ಅನುಮಾನದ ಸುಗ್ಗಿ.

ಮೊದ್ಲು ಪವರ್ ಸಪ್ಲೈ. ಕರೆಂಟು ಒಳಗೆ ಹಂಚೋ ಡಬ್ಬ ಅದು. ಗೋವರ್ಧನ ಎರಡು ತೋರ್ಸಿದ. ಪಾಲಾಕ್ಷ ಎರಡನ್ನೂ ಕೈನಾಗೆ ಎತ್ತಿ ತೂಗಿ ನೋಡಿ, "ಒಂದು ನಿಮಿಷ" ಅಂತ ಜೇಬಿನಿಂದ ಸ್ಯಾಂಪಲ್ ತೂಗೋ ಸಣ್ಣ ತಕ್ಕಡಿ ತೆಗ್ದ.

"ಏನ್ಲೇ ಇದು, ಬದನೆಕಾಯಿ ವ್ಯಾಪಾರನಾ?" ಅಂದ ಗೋವರ್ಧನ.

"ಅಗ್ಗದ್ದು ಹಗುರ ಐತೆ. ಒಳಗೆ ಏನೂ ಇಲ್ಲ."

"ಹಂಗಾದ್ರೆ ತೂಕದ್ದು ತಗೋ ಮಾರಾಯ."

ಪಾಲಾಕ್ಷ ತೂಕದ್ದನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸ್ದ. "ತೂಕ ಬರ್ಲಿ ಅಂತಾನೇ ಕಬ್ಬಿಣದ ತುಂಡು ಇಟ್ಟಿರ್ತಾರೆ ಕೆಲವ್ರು. ನಮ್ಮ ಚೀಲದಾಗೆ ಕಲ್ಲು ಇಡಲ್ವಾ, ಹಂಗೆ."

ಗೋವರ್ಧನ ಎರಡೂ ಕೈ ಎತ್ತಿ ಮೇಲಿದ್ದ ಫ್ಯಾನಿಗೆ ಮುಗಿದ.

ರ‍್ಯಾಮು ಅಂದ್ರೆ ಕಂಪ್ಯೂಟ್ರಿನ ನೆನಪಿನ ಪಟ್ಟಿ, ಅದರ ಸ್ಟಿಕ್ಕರನ್ನ ಬಿಸ್ಲಿಗೆ ಹಿಡಿದು ನೋಡಿದ. ಕ್ಯಾಬಿನೆಟ್ ತಗಡನ್ನ ಉಗುರಿನಾಗೆ ತಟ್ಟಿದ. ವಿಡಿಯೋ ನೋಡಿದ್ರೆ ವಿಡಿಯೋದೋನು ಕಂಪ್ನಿಯಿಂದ ದುಡ್ಡು ತಿಂದವ್ನೆ ಅಂತ ಅನುಮಾನ. ಇನ್ನೊಬ್ಬ ಅದೇ ಸಾಮಾನು ಬೈದ್ರೆ, ಇವ್ನು ಎದುರು ಕಂಪ್ನೀದು ತಿಂದವ್ನೆ ಅಂತ ಅನುಮಾನ.

"ಹೆಣ್ಣು ನೋಡೋಕೆ ಕರ್ಕೊಂಡ್ ಹೋದ್ರೆ ಇವ್ನು ಅವಳ ಹಲ್ಲು ಎಣಿಸ್ತಾನೆ, ನನಗೆ ಗೊತ್ತೈತೆ" ಅಂದ್ಲು ಬೋರಕ್ಕ, ರೊಟ್ಟಿ ತಟ್ಟಿಕೊಂಡು.

ಆದ್ರೆ ದೊಡ್ಡ ಎಡವಟ್ಟಾಗಿದ್ದು ಪ್ರೊಸೆಸರಿನಾಗೆ, ಅಂದ್ರೆ ಕಂಪ್ಯೂಟ್ರಿನ ಮಿದುಳಿನಾಗೆ. ಗೋವರ್ಧನ ಪಾಪ ಒಳ್ಳೇ ಮಾತೇ ಹೇಳಿದ್ದ. "ನೋಡು, ಇದು ಸಾವ್ರದ ಎಂಟ್ನೂರು ಜಾಸ್ತಿ. ಆದ್ರೆ ಟೀವಿ ಮೇಲೆ ಚಿತ್ರ ತೋರ್ಸೋದು ಇದರೊಳಗೇ ಐತೆ. ಗ್ರಾಫಿಕ್ಸ್ ಕಾರ್ಡು ಇಲ್ದಿದ್ರೂ ಕಂಪ್ಯೂಟ್ರು ಆನ್ ಮಾಡಿ ನೋಡ್ಬೋದು. ಆ ಅಗ್ಗದ್ದು ತಗೊಂಡ್ರೆ ಕಾರ್ಡು ಹಾಕೋ ತನ್ಕ ಏನೂ ಕಾಣಲ್ಲ."

ಜಾಸ್ತಿ ರೇಟಿಂದನ್ನ ಯಾಕೆ ಹೊಗಳ್ತಾನೆ? ನಾನು ಹೆಂಗಿದ್ರೂ ಕಾರ್ಡು ಹಾಕೋನು, ಚಿತ್ರಕ್ಕೆ ಎರಡೆರಡು ಸಲ ಯಾಕೆ ದುಡ್ಡು? ಸಿಕ್ಕಿಬಿದ್ದ ಕಳ್ಳ, ಅಂದ್ಕೊಂಡ ಪಾಲಾಕ್ಷ. ಅಗ್ಗದ್ದೇ ತಗೊಂಡ. ಆ ಫ್ರೀ ಕೀಬೋರ್ಡನ್ನ ಅಲ್ಲೇ ಬಿಟ್ಟು, ಬೇರೆ ಅಂಗಡೀಲಿ ದುಡ್ಡು ಕೊಟ್ಟು ಒಂದು ತಗೊಂಡ. ಸಾಮಾನೆಲ್ಲ ಒಂದೇ ದಿನ ತಗೊಂಡು ಕಾರ್ಡಿನ ಲೆಕ್ಕಕ್ಕೆ ಬಂದ್ರೆ, ಇವ್ನು ಅನುಮಾನ ಪಡ್ತಾ ಕೂತಿದ್ದ ಹದಿನಾಲ್ಕು ತಿಂಗಳಾಗೆ ರ‍್ಯಾಮಿನ ರೇಟು ಮುಗಿಲಿಗೆ ಏರಿ ಕಾರ್ಡಿನ ದುಡ್ಡನ್ನ ಅರ್ಧ ತಿಂದಿತ್ತು. ಉಳಿದಿದ್ದು ಹದಿಮೂರು ಸಾವ್ರ. ಹೊಸ ಕಾರ್ಡಿಗೆ ಇಪ್ಪತ್ತೆರಡು.

ಮನೇಗೆ ತಂದು ಜೋಡಿಸ್ದ. ಸ್ವಿಚ್ ಹಾಕಿದ. ಫ್ಯಾನು ತಿರುಗ್ತು, ಕೆಂಪು ಲೈಟು ಹತ್ತಿತು. ಟೀವಿ ಮೇಲೆ ಮಾತ್ರ "ಸಿಗ್ನಲ್ ಇಲ್ಲ."

"ಅದೇನೋ ಉಸಿರಾಡ್ತೈತೆ, ಕಣ್ಣು ಬಿಡ್ತಿಲ್ಲ" ಅಂದ್ಲು ಬೋರಕ್ಕ.

ಈಗ ಪಾಲಾಕ್ಷನ ಪೇಚು ನೋಡ್ರಿ. ಸಾಮಾನು ಅಸಲಿಯೋ ನಕಲಿಯೋ ಪರೀಕ್ಷೆ ಮಾಡೋಕೇ ಆಗ್ತಿಲ್ಲ! ಒಳಗೆ ರ‍್ಯಾಮು ಹದಿನಾರು ಜಿಬಿ ಐತೋ ಎಂಟೈತೋ, ಪರದೆ ಮೇಲೆ ಕಂಡ್ರೆ ತಾನೆ ಗೊತ್ತಾಗೋದು. ಏನಾದ್ರೂ ದೋಷ ಇದ್ರೆ ಒಂದು ತಿಂಗಳೊಳಗೆ ಬದಲಾಯಿಸಿ ಕೊಡ್ತೀನಿ ಅಂದಿದ್ದ ಗೋವರ್ಧನ. "ಅಂಗಡೀಗೆ ತಗೊಂಬಾ, ನನ್ನ ಕಾರ್ಡು ಹಾಕಿ ಚೆಕ್ ಮಾಡ್ಕೊಡ್ತೀನಿ" ಅಂತಾನೂ ಅಂದ. ಮಾರಿದೋನೇ ತೂಗಿ ತೋರಿಸ್ತೀನಿ ಅಂದ್ರೆ ಪಾಲಾಕ್ಷ ಒಪ್ತಾನಾ? ಇಪ್ಪತ್ನಾಲ್ಕು ದಿನ ಕಳೆದೋದ್ವು. ಉಳಿದಿದ್ದು ಆರು. ಅಷ್ಟರೊಳಗೆ ಹದಿಮೂರು ಸಾವ್ರದಾಗೆ ಕಾರ್ಡು ಸಿಕ್ಬೇಕು, ಇಲ್ಲಾಂದ್ರೆ ಮೂವತ್ತೇಳು ಸಾವ್ರದ ಸಾಮಾನು ದೇವರ ಮೇಲೆ ಭಾರ ಹಾಕಿ ಇಟ್ಕೋಬೇಕು. ಪಾಲಾಕ್ಷಂಗೆ ದೇವರ ಲೆಕ್ಕದ ಮೇಲೂ ಸ್ವಲ್ಪ ಅನುಮಾನ.

ಆಗ ಫೋನಿನಾಗೆ ಹಳೇ ಸಾಮಾನು ಮಾರೋರ ಪಟ್ಟೀಲಿ ಕಾಣಿಸ್ತು: ಎಂಟು ಜಿಬಿ ಕಾರ್ಡು, ಹನ್ನೆರಡೂವರೆ ಸಾವ್ರ, ಎಂಟು ತಿಂಗಳು ವಾರಂಟಿ ಐತೆ, ಮೊಳಕಾಲ್ಮುರು, ಕಾಂಚನಾ.

ಪಾಲಾಕ್ಷ ಫೋನ್ ಹಚ್ಚಿದ. "ಮೇಡಂ, ಅಷ್ಟು ಅಗ್ಗ ಯಾಕೆ?"

"ದೊಡ್ಡ ಕಾರ್ಡು ತಗೊಂಡೆ, ಇದು ಸುಮ್ನೆ ಕೂತೈತೆ. ಜಾಸ್ತಿ ಕೊಡ್ತೀರೇನು? ಕೊಡ್ರಿ."

"ನೀವೇನು ಕೆಲ್ಸ ಮಾಡ್ತೀರಿ?"

"ರೇಷ್ಮೆ ಸೀರೆ ಅಂಚು, ಬುಟ್ಟ ಎಲ್ಲ ಕಂಪ್ಯೂಟ್ರಾಗೆ ಬರೆದು ಮಗ್ಗಕ್ಕೆ ಕೊಡ್ತೀನಿ."

"ಅಂಚು ಬರೆಯೋಕೆ ಗೇಮಿನ ಕಾರ್ಡ್ಯಾಕೆ?"

"ಅಂಚು ಬರೆಯೋಕಲ್ಲ ಅಣ್ಣ, ಗೇಮ್ ಆಡೋಕೆ. ಮಗ್ಗದ ಮನೆಯೋರು ಆಡಬಾರ್ದು ಅಂತೈತಾ?"

ಪಾಲಾಕ್ಷಂಗೆ ಅನುಮಾನ ಇನ್ನೂ ಗಟ್ಟಿಯಾಯ್ತು. ಇಂಥ ಕಾರ್ಡುಗಳನ್ನ ಕೆಲವ್ರು ಹಗ್ಲೂ ರಾತ್ರಿ ಬಿಡದಂಗೆ ಉರಿಸಿ ಆನ್‌ಲೈನ್ ನಾಣ್ಯ ತೆಗೀತಾರಂತೆ, ಮೈನಿಂಗು ಅಂತಾರೆ. ಗಾಣದ ಎತ್ತಿನಂಗೆ ದುಡಿಸಿ, ಸುಸ್ತಾದ್ಮೇಲೆ ಮೈ ತೊಳೆದು ಸಂತೆಗೆ ಹೊಡೀತಾರೆ. ಪತ್ತೆ ಮಾಡೋದು ಹೆಂಗೆ ಅಂತ ವಿಡಿಯೋ ನೋಡಿದ್ದ: ಹಂಗೆ ದುಡಿದ ಕಾರ್ಡಿನ ಒಳಗಿರೋ ಮೆತ್ತನೆ ಪಟ್ಟಿಗಳು ಎಣ್ಣೆ ಬಿಟ್ಟಿರ್ತಾವೆ. ಎಣ್ಣೆ! ಎಣ್ಣೆ ವಿಷ್ಯ ಪಾಲಾಕ್ಷಂಗೆ ಯಾರು ಹೇಳ್ಕೊಡ್ಬೇಕು? ಮಿಲ್ಲಿನ ಡಬ್ಬದಿಂದ ಸಣ್ಣ ಸ್ಕ್ರೂಡ್ರೈವರ್ ಒಂದು ಜೇಬಿಗಿಳಿಸಿ, ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದ. ಬಿ.ಜಿ. ಕೆರೆ ದಾಟೋವಷ್ಟರಾಗೆ ದುಡ್ಡು ಐತಾ ಅಂತ ಮೂರು ಸಲ ಜೇಬು ಮುಟ್ಟಿ ನೋಡ್ಕಂಡಿದ್ದ.

ಮೊಳಕಾಲ್ಮುರಿನಾಗೆ ಕಾಂಚನಾಳ ಮನೆ ಅಂದ್ರೆ ಅರ್ಧ ಮನೆ ಮಗ್ಗ, ಉಳಿದರ್ಧದಾಗೆ ಮಂದಿ. ಅವಳವ್ವ ರಾಧಮ್ಮ ಮಗ್ಗದ ಗುಣಿಯೊಳಗೆ ಕಾಲು ಬಿಟ್ಕೊಂಡು ನೇಯ್ತಿದ್ಲು. "ರಾವಯ್ಯಾ, ಕೂತ್ಕೋ" ಅಂತ ತೆಲುಗು ಕನ್ನಡ ಎರಡರಾಗೂ ಕರೆದ್ಲು. ಕಾಂಚನಾಗೆ ಇಪ್ಪತ್ನಾಲ್ಕಿರ್ಬೋದು, ಕಿವೀಲಿ ಪೆನ್ಸಿಲು. ಮಾತು ಬೆಳೆಸ್ಲಿಲ್ಲ, ಕಾರ್ಡನ್ನ ಕಂಪ್ಯೂಟ್ರಿಗೆ ಹಾಕಿ ಒಂದು ಗೇಮ್ ಬಿಟ್ಲು.

"ಅರ್ಧ ಗಂಟೆ ಓಡ್ಲಿ. ನೀವೇ ನೋಡ್ಕೊಳ್ರಿ, ಮೂಲೇಲಿ ಬಿಸಿ ಎಷ್ಟು ಅಂತ ಬರ್ತೈತೆ. ಎಪ್ಪತ್ತು ಡಿಗ್ರಿ ದಾಟಲ್ಲ."

ದಾಟ್ಲಿಲ್ಲ. ಅರವತ್ತೊಂಬತ್ತಕ್ಕೇ ನಿಂತ್ಕಂತು. ಚಿತ್ರ ಅಂದ್ರೆ ಚಿತ್ರ, ಕೆನೆಯಂಗೆ ಜಾರ್ತಿತ್ತು. ಪಾಲಾಕ್ಷನ ಎದೆಯೊಳಗೆ ಲಾರಿ ಹಾರನ್ನು ಹೊಡೀತು. ಆದ್ರೆ ತಲೆಯೊಳಗಿನ ಸ್ಯಾಂಪಲ್ ತೆಗೆಯೋನು ಸುಮ್ನಿರ್ಬೇಕಲ್ಲ: ಇದು ಚೀಲದ ಬಾಯಿ ಕಣೋ, ತಳ ನೋಡು.

"ಇದನ್ನ ಬಿಚ್ಚಿ ಒಳಗೆ ನೋಡ್ಬೋದಾ?"

"ಬ್ಯಾಡ ಅಣ್ಣ. ನೋಡ್ರಿ, ಈ ಸ್ಕ್ರೂ ಮೇಲೆ ಕಂಪ್ನಿ ಸೀಲ್ ಐತೆ. ಅದು ಹರಿದ್ರೆ ವಾರಂಟಿ ಹೋಯ್ತು."

ಚೀಲದ ಬಾಯಿ ಬಿಚ್ಚಬ್ಯಾಡಿ ಅನ್ನೋರನ್ನ ಎಷ್ಟು ಮಂದೀನ ನೋಡಿಲ್ಲ ಪಾಲಾಕ್ಷ! ಅವರ ಚೀಲದಾಗೇ ಮಣ್ಣು ಇರೋದು.

ಕಾಂಚನಾ ಕಾರ್ಡು ಹೊರಗೆ ತೆಗೆದು ಮೇಜಿನ ಮೇಲಿಟ್ಲು. ಬಾಗಿಲಿಗೆ ಯಾರೋ ಸೀರೆ ವಿಚಾರಕ್ಕೆ ಬಂದ್ರು, ಎದ್ದು ಹೋದ್ಲು. ರಾಧಮ್ಮ ಈ ಕಡೆಗೆ ಬೆನ್ನು ಮಾಡಿದ್ಲು. ಪಾಲಾಕ್ಷ ಜೇಬಿಗೆ ಕೈ ಹಾಕಿದ. ಸೀಲಿನ ಮೇಲೆ ಸ್ಕ್ರೂಡ್ರೈವರ್ ಇಟ್ಟ. ಪರ್ ಅಂತು. ನಾಲ್ಕು ಸ್ಕ್ರೂ, ಮೇಲಿನ ಫ್ಯಾನಿನ ಭಾಗ ಎದ್ದು ಕೈಗೆ ಬಂತು. ಒಳಗೆ ಬಲಗಣ್ಣು ಇಟ್ಟು ನೋಡ್ತಾನೆ... ಸ್ಕ್ರೂ ತೂತಿನ ಪಕ್ಕ ಮಿರಮಿರ ಮಿಂಚ್ತೈತೆ! ಬೆರಳಿಟ್ಟ. ಜಿಡ್ಡು.

"ಎಣ್ಣೆ!" ಅಂತ ಕೂಗೇಬಿಟ್ಟ. "ಎಣ್ಣೆ ಬಿಟ್ಟೈತೆ! ಮೇಡಂ, ಮೈನಿಂಗ್ ಕಾರ್ಡನ್ನ ತಂದು ನಮ್ಮ ತಲೇಗೆ ಕಟ್ತೀರಾ?"

ಕಾಂಚನಾ ಓಡಿ ಬಂದ್ಲು. ಮೊದ್ಲು ಕಂಡಿದ್ದು ಹರಿದ ಸೀಲು. "ಕಿತ್ರಾ? ಬ್ಯಾಡ ಅಂದೆ ತಾನೆ?"

"ಕಿತ್ತಿದ್ದಕ್ಕೇ ಸಿಕ್ತು. ನೋಡ್ರಿ ಎಣ್ಣೆ!" ಬೆರಳು ಚಾಚಿದ.

ಅವಳು ಆ ಬೆರಳನ್ನ ಮೂಗಿನ ಹತ್ರ ಎಳ್ಕಂಡು ಮೂಸಿದ್ಲು. ಇನ್ನೊಂದ್ಸಲ ಮೂಸಿದ್ಲು. ಆಮೇಲೆ ಅವನ ಕೈನಾಗಿದ್ದ ಸ್ಕ್ರೂಡ್ರೈವರ್ ಕಸ್ಕೊಂಡು ಅದನ್ನೂ ಮೂಸಿದ್ಲು.

"ಅಮ್ಮಾ, ಬಾ ಇಲ್ಲಿ. ಇದೇನು ವಾಸ್ನೆ ಹೇಳು."

ರಾಧಮ್ಮ ಗುಣಿಯಿಂದ ಎದ್ದು ಬಂದು ಮೂಸಿ, "ಶೇಂಗಾ ಎಣ್ಣೆ" ಅಂದ್ಲು. "ಯಾಕೆ, ಮೆಣಸಿನಕಾಯಿ ಬಜ್ಜಿ ತಂದವ್ನಾ?"

ಅಯ್ಯೋ, ಅವನ ಮುಖ ನೋಡ್ಬೇಕಿತ್ತು! ಮಿಲ್ಲಿನ ಸ್ಕ್ರೂಡ್ರೈವರ್ರು, ಎಂಟು ವರ್ಷದ ಎಣ್ಣೆ ಕುಡಿದೈತೆ. ಇವನ ಕೈಗೂ ಅದೇ, ಅಂಗಿಗೂ ಅದೇ. ಎಂಟು ವರ್ಷದಾಗೆ ಇವನ ಮೂಗಿಗೆ ಶೇಂಗಾ ಎಣ್ಣೆ ವಾಸ್ನೆಯೇ ಬರ್ದಂಗಾಗಿತ್ತು. ಊರಿಗೆಲ್ಲ ಹೊಡೆಯೋ ವಾಸ್ನೆ ಇವನಿಗೊಬ್ಬನಿಗೆ ಇಲ್ಲ. ಬಗ್ಗಿ ಮತ್ತೆ ಒಳಗೆ ನೋಡಿದ. ಆ ಮೆತ್ತನೆ ಪಟ್ಟಿಗಳು ಒಣ ಒಣ, ಹೊಸ ಬಟ್ಟೆಯಂಗೆ.

"ತಪ್ಪಾಯ್ತು" ಅಂದ ಸಣ್ಣಗೆ. "ಆಯ್ತು, ಕೊಡ್ರಿ. ಹನ್ನೆರಡೂವರೆ."

"ಮಾರಲ್ಲ."

"ಆಂ?"

"ನಿಮಗೆ ಮಾರಲ್ಲ ಅಂದೆ. ನಾಳೆ ನಿಮ್ಮನೆ ಕರೆಂಟು ಹೋದ್ರೂ ಕಾಂಚನಾ ಮೋಸ ಮಾಡಿದ್ಲು ಅಂತ ಬರ್ತೀರಿ. ಬಳ್ಳಾರಿಯೋರೊಬ್ರು ಕೇಳವ್ರೆ, ಸೀಲ್ ಹರಿದೈತೆ ಅಂತ ಹೇಳೇ ಕೊಡ್ತೀನಿ. ಎರಡು ಮೂರು ಸಾವ್ರ ಕಮ್ಮಿ ಬರ್ತೈತೆ, ಬರ್ಲಿ. ನಡೀರಿ."

ಇಷ್ಟು ವರ್ಷ ಪಾಲಾಕ್ಷ ಮಂದೀನ ನೋಡಿದ್ದ ನೋಟದಾಗೇ ಆ ಹುಡುಗಿ ಅವನನ್ನ ನೋಡ್ತಿದ್ಲು, ಜೊಳ್ಳು ಕಾಯಿ ನೋಡಿದಂಗೆ. ಉಳಿದಿದ್ದು ಐದೇ ದಿನ. ಆದ್ರೆ ಅವನಿಗೆ ಆಗ ನೆನಪಾಗಿದ್ದು ದಿನದ ಲೆಕ್ಕ ಅಲ್ಲ.

"ನಮ್ಮ ಮಿಲ್ಲಿನಾಗೆ" ಅಂದ, "ಸ್ಯಾಂಪಲ್ಲಿಗೆ ಅಂತ ನಾವು ಸುಲಿದ ಕಾಯಿನ ವಾಪಸ್ ರೈತನ ಚೀಲಕ್ಕೆ ಹಾಕಲ್ಲ. ಅದರ ನಷ್ಟ ಸುಲಿದೋರ ಲೆಕ್ಕಕ್ಕೇ. ಈ ಕಾರ್ಡು ನಾನು ಸುಲಿದೀನಿ. ನೀವು ಕೊಟ್ರೂ ಬಿಟ್ರೂ ಎರಡು ಮೂರು ಸಾವ್ರ ನಷ್ಟ ನಿಮಗಾಗಬಾರ್ದು. ದುಡ್ಡು ಇಲ್ಲಿಟ್ಟು ಹೋಗ್ತೀನಿ." ಎರಡೂವರೆ ಸಾವ್ರ ಎಣಿಸಿ ಮೇಜಿನ ಮೇಲಿಟ್ಟು ಚಪ್ಪಲಿ ಮೆಟ್ಟಿದ.

ಮೆಟ್ಟಿಲಿಳೀಬೇಕು, ರಾಧಮ್ಮ ಕರೆದ್ಲು. "ನಿಲ್ಲಯ್ಯ. ಕಾಂಚಿ, ಎಂದುಕೇ ಗೊಡವ? ಜಗಳ ಯಾಕೆ? ಎಳೆ ಕಿತ್ತ ಕೈನಾಗೇ ಗಂಟು ಹಾಕಿಸ್ಬೇಕು. ಬಿಚ್ಚಿದೋನೇ ಜೋಡಿಸ್ಲಿ, ನಮ್ಮ ಮುಂದೆ. ಓಡಿದ್ರೆ ತಗೊಂಡೋಗ್ಲಿ. ಓಡ್ಲಿಲ್ಲ ಅಂದ್ರೂ ಅವನೇ ತಗೊಂಡೋಗ್ಲಿ, ಪೂರ್ತಿ ದುಡ್ಡಿಟ್ಟು."

ಕಾಂಚನಾ ಗೊಣಗಿದ್ಲು, ಆದ್ರೆ ಹೋಗಿ ಬಿಸಿ ಎಳೆಯೋ ಪೇಸ್ಟಿನ ಸಣ್ಣ ಟ್ಯೂಬು ತಂದ್ಲು. ಮೊದ್ಲು ಅವನ ಕೈಗೆ ಸೋಪು ಕೊಟ್ಲು. ಎರಡು ಸಲ ತೊಳೆಸಿದ್ಲು. ಹಳೇ ಪೇಸ್ಟು ಒರೆಸೋದು, ಹೊಸದು ಹಚ್ಚೋದು, ಮೇಲಿನ ಭಾಗ ಕೂರ್ಸೋದು. ಇದ್ಯಾವ್ದೂ ಪಾಲಾಕ್ಷ ಮಾಡಿದೋನಲ್ಲ. ಸ್ಕ್ರೂ ಅಂದ್ರೆ ರಾಗಿ ಕಾಳಿನಂಥವು, ಇವನ ಎಡಗಣ್ಣಿಗೆ ಕಾಣಲ್ಲ. ಅವಳು ಫೋನಿನ ಟಾರ್ಚು ಹಿಡಿದ್ಲು.

"ತೊಗರಿ ಕಾಳಿನಷ್ಟು ಹಾಕ್ರಿ."

ಜಾಸ್ತಿ ಹೇಳಿ ಕೆಡಿಸ್ತಾಳಾ? ಅಂತ ಒಳಗಿನೋನು ಕೇಳಿದ. ಪಾಲಾಕ್ಷ ತೊಗರಿ ಕಾಳಿನಷ್ಟೇ ಹಾಕಿದ.

"ಈಗ ಎದುರು ಬದುರು ಸ್ಕ್ರೂ. ಒಂದೇ ಸಲ ಬಿಗೀಬ್ಯಾಡ್ರಿ. ಅರ್ಧ ಸುತ್ತು. ಇನ್ನರ್ಧ. ಸಾಕು."

"ಸಾಕಾ? ಸಡ್ಲ ಐತೇನೋ."

"ಸಾಕು ಅಂದೆನಲ್ಲ."

ಇನ್ನೊಂದು ಸುತ್ತು ತಿರುಗಿಸ್ಬೇಕು ಅಂತ ಬೆರಳು ತುಡೀತಿತ್ತು. ಅವನ ಜನ್ಮದಾಗೇ ಮೊದಲ್ನೇ ಸಲ, ಬೇರೆಯೋರು ಸಾಕು ಅಂದಲ್ಲಿಗೆ ಕೈ ಎತ್ತಿದ.

ಕಾರ್ಡು ಹಾಕಿ ಸ್ವಿಚ್ ಒತ್ತಿದ್ಲು. ಮೂರೂ ಮಂದಿ ಪರದೆ ನೋಡ್ತಾ ನಿಂತ್ರು, ರಾಧಮ್ಮನೂ. ಚಿತ್ರ ಬಂತು. ಗೇಮ್ ಬಿಟ್ರು. ಅರ್ಧ ಗಂಟೆಗೆ ಬಿಸಿ ಅರವತ್ಮೂರಕ್ಕೆ ನಿಂತ್ಕಂತು, ಮೊದ್ಲಿಗಿಂತ ಆರು ಕಮ್ಮಿ.

"ಪರ್ವಾಗಿಲ್ಲ, ಕೈ ಒಳ್ಳೇದೈತೆ, ಬುದ್ಧಿ ಒಂದು ಸರಿಯಿಲ್ಲ" ಅಂದ್ಲು ಕಾಂಚನಾ.

ಪಾಲಾಕ್ಷ ಮೇಜಿನ ಮೇಲಿದ್ದದ್ದೂ ಸೇರಿ ಹನ್ನೆರಡೂವರೆ ಸಾವ್ರ ಪೂರ್ತಿ ಇಟ್ಟ, ಒಂದು ರೂಪಾಯಿ ಚೌಕಾಸಿ ಮಾಡ್ಲಿಲ್ಲ. ಅವಳು ಒಂದೊಂದೇ ನೋಟನ್ನ ಕಿಟಕಿ ಬೆಳಕಿಗೆ ಎತ್ತಿ ಹಿಡಿದು, ಅದರೊಳಗಿನ ಗೆರೆ ನೋಡಿ, ತಿರುವಿ ನೋಡಿ, ಮೂರು ಸಲ ಎಣಿಸಿದ್ಲು. ಕಣ್ಣ ಮುಂದೇನೇ. ಪಾಲಾಕ್ಷ ಕೈ ಕಟ್ಕೊಂಡು ನಿಂತಿದ್ದ.

ಮನೇಗೆ ಬಂದು ಕಾರ್ಡು ಹಾಕಿದ್ರೆ ಟೀವಿ ಕಣ್ಣು ಬಿಡ್ತು. ಮೊದ್ಲು ಮಾಡಿದ ಕೆಲ್ಸ ಏನು ಹೇಳ್ರಿ? ಲಾರಿ ಅಲ್ಲ. ಗೋವರ್ಧನ ಕೊಟ್ಟ ಸಾಮಾನೆಲ್ಲ ಒಂದೊಂದೇ ತನಿಖೆ. ರ‍್ಯಾಮು ಹದಿನಾರು, ಪೂರಾ. ಡಿಸ್ಕು ಪೂರಾ. ಪ್ರೊಸೆಸರು ಹೇಳಿದ್ದೇ. ಎಲ್ಲ ಅಸಲಿ. ಪಾಲಾಕ್ಷಂಗೆ ಒಂಥರಾ ಬೇಜಾರೇ ಆಯ್ತಂತೆ, ಒಂದಾದ್ರೂ ಮೋಸ ಸಿಗ್ಲಿಲ್ವಲ್ಲ ಅಂತ. ಆಮೇಲೆ ಲಾರಿ ತೆಗ್ದ. ಬೋರಕ್ಕ ಪಕ್ಕದಾಗೆ ಕೂತು, "ನಿಧಾನ ಕಣೋ, ಎದುರಿಗೆ ಬಸ್ಸು ಬರ್ತೈತೆ" ಅಂತ ಮಂಚದ ಕಾಲು ಹಿಡ್ಕಂಡಿದ್ಲು.

ನೀವು ಕಂಪ್ಯೂಟ್ರು ಜೋಡಿಸ್ಬೇಕು ಅಂತಿದ್ರೆ ಆ ವಿಡಿಯೋಗಳನ್ನ ಪಕ್ಕಕ್ಕಿಡ್ರಿ, ಚಳ್ಳಕೆರೆಗೆ ಹೋಗ್ರಿ. ಎಣ್ಣೆ ಮಿಲ್ಲಿನ ಗೇಟಿನಾಗೆ ಸ್ಯಾಂಪಲ್ ಪಾಲಾಕ್ಷ ಅಂದ್ರೆ ಯಾರಾದ್ರೂ ತೋರಿಸ್ತಾರೆ, ಯಾವ್ದಾದ್ರೂ ಲಾರಿ ಮೇಲಿರ್ತಾನೆ. ನಿಮ್ಮ ಪಟ್ಟಿ ತೋರ್ಸಿದ್ರೆ ಮೊದ್ಲು ನಿಮ್ಮನ್ನೇ ಅನುಮಾನದಿಂದ ನೋಡ್ತಾನೆ, ಬೇಜಾರ್ ಮಾಡ್ಕೋಬ್ಯಾಡ್ರಿ. ಎರಡು ಪ್ರಶ್ನೆ ಕೇಳಿ, "ತಡೀರಿ, ಕಾಂಚನಾನ್ನ ಒಂದು ಮಾತು ಕೇಳ್ತೀನಿ" ಅಂತ ಮೊಳಕಾಲ್ಮುರಿಗೆ ಫೋನ್ ಹಚ್ತಾನೆ. ಇಬ್ರೂ ಅರ್ಧ ಗಂಟೆ ಜಗಳ ಆಡ್ತಾರೆ, ಅದನ್ನ ಕೇಳೋದೇ ಒಂದು ಮಜಾ. ಭಾನುವಾರ ಆದ್ರೆ ನೀವೇ ಬಸ್ಸು ಹತ್ತಿ ಅವಳ ಮನೇಗೇ ಹೋಗ್ಬಿಡ್ರಿ, ರಾಧಮ್ಮ ಚಾ ಕೊಡ್ತಾಳೆ. ಹೋಗ್ರಿ, ಮಾತಾಡಿಸ್ರಿ.